ಕಣ್ಣು ಮುಚ್ಚಿ ಹಾಡುವ ಅಜ್ಜ: ನ್ಯೂ ಮೆಕ್ಸಿಕೊದ ಪ್ಯೂಬ್ಲೊ ಊರುಗಳಲ್ಲಿ

ಗುರುವಾರ, ಅಲ್ಬುಕರ್ಕಿ

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಪ್ರವಾಸಿಗರ ಅಂಗಡಿಗೆ ಹೋದರೆ ಈ ಗೊಂಬೆ ಕಣ್ಣಿಗೆ ಬಿದ್ದೇ ಬೀಳುತ್ತದೆ. ಕಾಲು ಚಾಚಿ ಕೂತ ಒಬ್ಬ ಅಜ್ಜ, ಇಲ್ಲವೇ ಅಜ್ಜಿ. ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ. ತೊಡೆ, ತೋಳು, ಹೆಗಲು, ಬೆನ್ನು, ಎಲ್ಲಿ ಜಾಗ ಇದೆಯೋ ಅಲ್ಲೆಲ್ಲ ಪುಟ್ಟ ಪುಟ್ಟ ಮಕ್ಕಳು ಹತ್ತಿ ಕೂತಿವೆ. ಎಲ್ಲರೂ ಇದನ್ನು ಸ್ಟೋರಿಟೆಲರ್ ಅನ್ನುತ್ತಾರೆ.

ಅಕ್ಕ ಇದನ್ನು ಮೊದಲು ನೋಡಿದ್ದು ಫೀನಿಕ್ಸ್‌ನ ಒಂದು ಅಂಗಡಿಯಲ್ಲಿ, ನಮ್ಮ ಮನೆಗೆ ಬಂದ ಹೊಸತರಲ್ಲಿ. ಅವಳು ದಾವಣಗೆರೆ ಕಡೆಯ ಸರ್ಕಾರಿ ಶಾಲೆಗಳಲ್ಲಿ ಒಂದನೇ, ಎರಡನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳಿ ರಿಟೈರ್ ಆದವಳು. ಮಗ್ಗಿಗಿಂತ ಮೊದಲು ಕಥೆ, ಅದು ಅವಳ ಪದ್ಧತಿ. ಗೊಂಬೆಯನ್ನು ಬಹಳ ಹೊತ್ತು ತಿರುಗಿಸಿ ನೋಡಿ, "ಇದನ್ನ ಮಾಡಿದೋರು ಯಾರೇ? ಯಾವ ಊರಿನೋರು?" ಅಂದಳು. ಅಲ್ಲಿದ್ದ ಚೀಟಿಯಲ್ಲಿ ಇದ್ದದ್ದು ಎರಡೇ ಮಾತು: ಕೈಯಿಂದ ಮಾಡಿದ್ದು, ಪುರಾತನ ಪರಂಪರೆ. ಅಕ್ಕನಿಗೆ ಅದು ಸಾಲಲಿಲ್ಲ. ಹಾಗಾಗಿ ಡಿಸೆಂಬರ್ ಮೊದಲ ವಾರ ಕಾರು ಹತ್ತಿದೆವು.

ಅಲ್ಬುಕರ್ಕಿಯಲ್ಲಿ ಇಂಡಿಯನ್ ಪ್ಯೂಬ್ಲೊ ಕಲ್ಚರಲ್ ಸೆಂಟರ್ ಇದೆ. 1976ರಲ್ಲಿ ಶುರುವಾದದ್ದು. ನ್ಯೂ ಮೆಕ್ಸಿಕೊದ ಮೂಲ ಜನರ 19 ಪ್ಯೂಬ್ಲೊಗಳು ಸೇರಿ ನಡೆಸುವ ಜಾಗ. ಈ ಜನರನ್ನು ತಿಳಿಯಬೇಕು ಅನ್ನುವವರು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು, ಯಾಕೆಂದರೆ ಇಲ್ಲಿ ಅವರ ವಿಷಯವನ್ನು ಅವರೇ ಹೇಳುತ್ತಾರೆ. ಪ್ಯೂಬ್ಲೊ ಅಂದರೆ ಒಂದೇ ಬುಡಕಟ್ಟು ಅಲ್ಲ. ಒಂದೊಂದು ಪ್ಯೂಬ್ಲೊ ಒಂದೊಂದು ಊರು, ತನ್ನದೇ ಆಡಳಿತ. ಭಾಷೆಯೂ ಒಂದಲ್ಲ. ಕೆರೆಸ್, ತೀವಾ, ತೇವಾ, ತೋವಾ, ಝೂನಿ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥ ಆಗಬೇಕು ಅಂತೇನಿಲ್ಲ.

ಮಧ್ಯಾಹ್ನ ಅಲ್ಲೇ ನೀಲಿ ಮೆಕ್ಕೆಜೋಳದ ತಿಂಡಿ, ಮಣ್ಣಿನ ಒಲೆಯಲ್ಲಿ ಸುಟ್ಟ ಬ್ರೆಡ್ಡು ತಿಂದೆವು. ಊಟದ ಹೊತ್ತಿನಲ್ಲಿ ಪಕ್ಕದ ಮೇಜಿನ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಅಕ್ಕ ನನ್ನ ಕೈಲಿ ಕೇಳಿಸಿದಳು: ನಿಮ್ಮ ಕಡೆ ಕಥೆ ಯಾವಾಗ ಹೇಳುತ್ತಾರೆ? ಚಳಿಗಾಲದಲ್ಲಿ ಅಂದರು. ಹಾವುಗಳು ಮಲಗಿರುವಾಗ, ಹೊಲದಲ್ಲಿ ಕೆಲಸ ಇಲ್ಲದಿರುವಾಗ. ಅವರ ಅಜ್ಜ ಜೋಳದ ತೆನೆ ಬಿಡಿಸುತ್ತಾ ಹೇಳುತ್ತಿದ್ದರಂತೆ, ಕಾಯೋಟಿ ತೋಳನ ಕಥೆಗಳನ್ನು. ಬೇಸಿಗೆಯಲ್ಲಿ ಕೇಳಿದರೆ ಸುಮ್ಮನಿರಿ ಅನ್ನುತ್ತಿದ್ದರಂತೆ. ಈ ನಿಯಮ ಪ್ಯೂಬ್ಲೊಗಳಲ್ಲಿ ಮಾತ್ರವಲ್ಲ, ಅಮೆರಿಕದ ಬೇರೆ ಎಷ್ಟೋ ಮೂಲ ಜನರಲ್ಲೂ ಇದೆ. ಈಗ ಡಿಸೆಂಬರ್ ಅಲ್ವಾ, ಒಂದು ಕಥೆ ಹೇಳ್ತಾರಾ ಕೇಳು ಅಂದಳು ಅಕ್ಕ. ನಾನು ಕೇಳಲಿಲ್ಲ. ಅದು ಕೇಳುವ ಮಾತಲ್ಲ ಅನ್ನಿಸಿತು. ಅಕ್ಕ ಮುಖ ಸಣ್ಣದು ಮಾಡಿಕೊಂಡಳು.

ಶುಕ್ರವಾರ, ಸಾಂಟಾ ಫೆ

ಅಲ್ಬುಕರ್ಕಿಯಿಂದ ಸಾಂಟಾ ಫೆ ನೂರು ಕಿಲೋಮೀಟರ್. ದಾರಿಯುದ್ದಕ್ಕೂ ಏರುತ್ತಾ ಹೋಗಬೇಕು, ಊರು ಇರುವುದು ಏಳು ಸಾವಿರ ಅಡಿ ಎತ್ತರದಲ್ಲಿ. ಚಳಿ ಜಾಸ್ತಿ. ಇಡೀ ಊರಿನಲ್ಲಿ ಪಿನ್ಯೋನ್ ಅನ್ನುವ ಪೈನ್ ಮರದ ಸೌದೆಯ ಹೊಗೆ ವಾಸನೆ.

ನೇರವಾಗಿ ಹೋಗಿದ್ದು ಮ್ಯೂಸಿಯಂ ಆಫ್ ಇಂಟರ್‌ನ್ಯಾಷನಲ್ ಫೋಕ್ ಆರ್ಟ್‌ಗೆ. ಅಲ್ಲಿರುವ ಗಿರಾರ್ಡ್ ಸಂಗ್ರಹ ಒಂದು ಪ್ರಪಂಚವೇ. ಅಲೆಕ್ಸಾಂಡರ್ ಗಿರಾರ್ಡ್ ವಾಸ್ತುಶಿಲ್ಪಿ, ಬಟ್ಟೆಗಳ ವಿನ್ಯಾಸಕಾರ. ದೇಶ ದೇಶದ ಗೊಂಬೆ, ಆಟಿಕೆ, ಬಟ್ಟೆ ಕೂಡಿಹಾಕಿ, ಒಂದು ಲಕ್ಷಕ್ಕೂ ಹೆಚ್ಚು ವಸ್ತುಗಳನ್ನು ಹೆಂಡತಿ ಸೂಸನ್ ಜೊತೆ ಈ ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟರು. 1982ರಿಂದ ಅದರಲ್ಲಿ ಸುಮಾರು ಹತ್ತು ಸಾವಿರ ವಸ್ತುಗಳು ಪ್ರದರ್ಶನಕ್ಕಿವೆ. ನಮ್ಮ ದೇಶದ ಆಟಿಕೆಗಳೂ ಇವೆ. 1955ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಭಾರತದ ಬಟ್ಟೆ, ಒಡವೆಗಳ ದೊಡ್ಡ ಪ್ರದರ್ಶನ ನಡೆದಾಗ ಅದನ್ನು ಜೋಡಿಸಿದವರೂ ಇದೇ ಗಿರಾರ್ಡ್.

ಸ್ಟೋರಿಟೆಲರ್ ಗೊಂಬೆ ಹುಟ್ಟಿದ ಕಥೆಯಲ್ಲಿ ಈ ಮನುಷ್ಯನಿಗೂ ಒಂದು ಪಾತ್ರ ಇದೆ. ಆದರೆ ಕಥೆಯ ನಾಯಕಿ ಹೆಲೆನ್ ಕೊರ್ಡೆರೊ.

ಹೆಲೆನ್ ಹುಟ್ಟಿದ್ದು 1915ರಲ್ಲಿ, ಸಾಂಟಾ ಫೆಯ ನೈಋತ್ಯಕ್ಕಿರುವ ಕೊಚಿಟಿ ಪ್ಯೂಬ್ಲೊದಲ್ಲಿ. ಚಿಕ್ಕಂದಿನಿಂದ ಕುಂಬಾರಿಕೆ ಮಾಡಿದವರಲ್ಲ. ಮಕ್ಕಳನ್ನು ಬೆಳೆಸಿ ನಲವತ್ತು ದಾಟಿದ ಮೇಲೆ, ಗಂಡನ ಕಡೆಯ ಸಂಬಂಧಿ ಹ್ವಾನಿಟಾ ಆರ್ಕೆರೊ ಜೊತೆ ಮಣಿ, ಚರ್ಮದ ಕೆಲಸ ಮಾಡುತ್ತಿದ್ದರು. ಬಂದ ದುಡ್ಡೆಲ್ಲ ಸಾಮಾನು ಕೊಳ್ಳುವುದಕ್ಕೇ ಹೋಗುತ್ತಿತ್ತು. ಮನೆಯ ಹಿರಿಯಾಕೆಯೊಬ್ಬರು, ಮಣ್ಣಿನ ಕೆಲಸ ಮಾಡಬಾರದಾ, ಅದಕ್ಕೇನೂ ಕೊಳ್ಳಬೇಕಾಗಿಲ್ಲ, ಭೂಮಿತಾಯಿ ಎಲ್ಲ ಕೊಡುತ್ತಾಳೆ ಅಂದರು. ಹೆಲೆನ್ ಮಾಡಿದ ಬಟ್ಟಲು, ಗಡಿಗೆ ಎಲ್ಲ ಸೊಟ್ಟಗೆ ಬಂದವು. ಹ್ವಾನಿಟಾ, ಹಾಗಾದರೆ ಗೊಂಬೆ ಮಾಡು ಅಂದರು. ಹಕ್ಕಿ ಮಾಡಿದರು, ಪ್ರಾಣಿ ಮಾಡಿದರು, ಆಮೇಲೆ ಮನುಷ್ಯರು. ಅಲ್ಲಿಂದ ಕೈ ಹರಿಯಿತು.

ಹತ್ತಿರದ ಸಾಂಟೊ ಡೊಮಿಂಗೊ ಪ್ಯೂಬ್ಲೊದ ಹಬ್ಬದಲ್ಲಿ ಅವರ ಪುಟ್ಟ ಗೊಂಬೆಗಳನ್ನು ನೋಡಿದ ಗಿರಾರ್ಡ್ ಎಲ್ಲವನ್ನೂ ಕೊಂಡುಕೊಂಡರು. ಇನ್ನೂ ಬೇಕು ಅಂದರು. ಕೊಚಿಟಿಯಲ್ಲಿ ಮಗುವನ್ನು ಎತ್ತಿಕೊಂಡು ಹಾಡುವ ತಾಯಿಯ ಗೊಂಬೆ ಮೊದಲಿನಿಂದಲೂ ಇತ್ತು. ಅದನ್ನೇ ದೊಡ್ಡದಾಗಿ, ಕೂತ ಹಾಗೆ, ಜಾಸ್ತಿ ಮಕ್ಕಳನ್ನಿಟ್ಟು ಮಾಡುತ್ತೀರಾ ಅಂತ ಕೇಳಿದರು. ಹೆಲೆನ್ ಮನೆಗೆ ಹೋಗಿ ಯೋಚಿಸಿದರು. ಅವರ ಕಣ್ಣಿಗೆ ಬಂದದ್ದು ತಾಯಿ ಅಲ್ಲ, ತಾತ ಸಾಂಟಿಯಾಗೊ ಕಿಂಟಾನಾ. ಊರಿಗೆಲ್ಲ ಹೆಸರಾದ ಕಥೆಗಾರ. ಮೊಮ್ಮಕ್ಕಳು ಯಾವಾಗಲೂ ಅವನ ಸುತ್ತಲೇ. 1964ರಲ್ಲಿ ಹೆಲೆನ್ ಮಾಡಿದ ಆ ಮೊದಲ ಅಜ್ಜನ ಮೈಮೇಲೆ ಐದು ಮಕ್ಕಳಿದ್ದವು. ಮುಂದೆ ಮಕ್ಕಳ ಸಂಖ್ಯೆ ಬೆಳೆಯುತ್ತಾ ಹೋಯಿತು.

ಅಂದರೆ ಈ ಗೊಂಬೆಗೆ ಇನ್ನೂ ನೂರು ವರ್ಷವೂ ಆಗಿಲ್ಲ. ಅಂಗಡಿ ಚೀಟಿಯ "ಪುರಾತನ" ಅನ್ನುವ ಮಾತಿನ ಹಿಂದೆ ಒಬ್ಬಳು ಹೆಂಗಸು ಮರೆಯಾಗಿದ್ದಾಳೆ. ಪುರಾತನವಾದದ್ದು ಕಥೆ ಹೇಳುವುದು, ಮಣ್ಣಿನ ಕೆಲಸ. ಅವೆರಡನ್ನೂ ಈ ರೂಪದಲ್ಲಿ ಒಂದು ಮಾಡಿದ್ದು ಹೆಸರಿರುವ, ಊರಿರುವ ಒಬ್ಬ ಮೊಮ್ಮಗಳು, ತನ್ನ ತಾತನನ್ನು ನೆನೆದು. ಈ ಇಡೀ ಪ್ರವಾಸದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ.

ಗಿರಾರ್ಡ್ ಸಂಗ್ರಹದಲ್ಲಿ ವಸ್ತುಗಳ ಪಕ್ಕ ಚೀಟಿ ಇಲ್ಲ. ಸುಮ್ಮನೆ ನೋಡಿ ಖುಷಿಪಡಲಿ ಅನ್ನುವುದು ಅವರ ಆಸೆ. ಬೇಕಾದವರು ಕೈಪಿಡಿ ತೆಗೆದುಕೊಂಡು ನೋಡಬಹುದು. ನೋಡಲು ನಿಜಕ್ಕೂ ಹಬ್ಬ. ಆದರೂ ಅಕ್ಕ ಗಾಜಿನ ಮುಂದೆ ನಿಂತು, "ಹೆಸರು ಇಲ್ಲೇ ಬರೆದಿದ್ರೆ ಏನಾಗ್ತಿತ್ತು?" ಅಂದಳು. ಅವಳ ಮಾತು ಸರಿ. ಸಾವಿರಾರು ಗೊಂಬೆಗಳ ಜಾತ್ರೆಯಲ್ಲಿ ಕೊಂಡವರ ಹೆಸರು ಗೋಡೆಯ ಮೇಲೆ ಉಳಿಯುತ್ತದೆ, ಮಾಡಿದವರ ಹೆಸರನ್ನು ಮಾತ್ರ ನಾವು ಹುಡುಕಬೇಕು.

ಹೆಲೆನ್‌ಗೆ ಬದುಕಿರುವಾಗಲೇ ಗೌರವ ಸಿಕ್ಕಿತು ಅನ್ನುವುದು ಸಮಾಧಾನ. 1986ರಲ್ಲಿ ಅಮೆರಿಕದ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಬಂತು. 1994ರಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಬೇರೆ ಬೇರೆ ಪ್ಯೂಬ್ಲೊಗಳ ನೂರಕ್ಕೂ ಹೆಚ್ಚು ಜನ ಸ್ಟೋರಿಟೆಲರ್ ಮಾಡುತ್ತಿದ್ದರು. ಅಜ್ಜಿಯರು ಬಂದರು, ಕರಡಿ ಬಂತು, ಗೂಬೆ ಬಂತು, ಕಪ್ಪೆಯ ಬೆನ್ನ ಮೇಲೆ ಮರಿಗಪ್ಪೆಗಳು ಬಂದವು. ಹೆಲೆನ್‌ಗೆ ಇದೆಲ್ಲ ಹಿಡಿಸಿರಲಿಲ್ಲ. ಇದು ನನ್ನ ತಾತ, ಹೆಂಗಸನ್ನು ಮಾಡಿ ಸ್ಟೋರಿಟೆಲರ್ ಅನ್ನಬಾರದು ಅನ್ನುತ್ತಿದ್ದರು. ಕಣ್ಣು ಮುಚ್ಚಿರುವುದು ಅವನು ಯೋಚಿಸುತ್ತಿರುವುದರಿಂದ, ಬಾಯಿ ತೆರೆದಿರುವುದು ಹಾಡುತ್ತಿರುವುದರಿಂದ, ಅದಕ್ಕೆ ಬೇರೆ ಅರ್ಥ ಇಲ್ಲ ಎಂಬುದು ಅವರ ಮಾತು. ಅಕ್ಕನಿಗೆ ಇದು ಒಪ್ಪಿಗೆಯಾಗಲಿಲ್ಲ. "ಕಥೆ ಹೇಳೋದು ಅಜ್ಜಿಯರಲ್ವೇನೇ? ಅವರನ್ನ ಬಿಟ್ರೆ ಹ್ಯಾಗೆ?" ನಾನು ಹೆಲೆನ್ ಕಡೆ. ಅವರು ಮಾಡಿದ್ದು ಎಲ್ಲರ ಅಜ್ಜನ ಗುರುತಲ್ಲ, ಒಬ್ಬ ಮನುಷ್ಯನ ಮುಖ. ಬೇರೆಯವರು ಅವರವರ ಅಜ್ಜಿಯನ್ನು ನೆನೆದು ಮಾಡಿದ್ದರೆ ಅದೂ ಚೆನ್ನ. ನೆನಪೇ ಇಲ್ಲದೆ, ಮಾರಾಟ ಆಗುತ್ತದೆ ಅಂತ ಮಾಡಿದ್ದು ಬೇರೆ. ಊಟದವರೆಗೂ ಈ ವಾದ ನಡೆಯಿತು.

ಶನಿವಾರ, ಕೊಚಿಟಿ

ಕೊಚಿಟಿ ಚಿಕ್ಕ ಊರು. ರಿಯೊ ಗ್ರಾಂಡೆ ನದಿಯ ಪಕ್ಕ. ಊರೊಳಗೆ ಫೋಟೊ ತೆಗೆಯುವಂತಿಲ್ಲ, ರೆಕಾರ್ಡ್ ಮಾಡುವಂತಿಲ್ಲ, ಚಿತ್ರ ಬರೆಯುವಂತಿಲ್ಲ. ನಾವು ಫೋನು ಕಾರಿನಲ್ಲೇ ಇಟ್ಟೆವು. ಚಳಿಯಲ್ಲಿ ಬೀದಿ ಖಾಲಿ. ಹಳೆಯ ಚರ್ಚು, ಮಣ್ಣುಬಣ್ಣದ ಮನೆಗಳು, ಅಂಗಳದಲ್ಲಿ ಗುಡಿಸಲಾಕಾರದ ಬ್ರೆಡ್ಡಿನ ಒಲೆಗಳು. ಒಂದು ಮನೆಯ ಮುಂದೆ ಡೋಲು ಮಾಡಲು ಟೊಳ್ಳು ಕೊರೆದ ಮರದ ತುಂಡುಗಳನ್ನು ಒಣಗಲು ಇಟ್ಟಿದ್ದರು. ಕೊಚಿಟಿಯ ಡೋಲು ಎಲ್ಲ ಪ್ಯೂಬ್ಲೊಗಳಲ್ಲೂ ಹೆಸರುವಾಸಿ. ಹೆಲೆನ್ ಅವರ ಗಂಡ ಫರ್ನಾಂಡೊ ಕೂಡ ಡೋಲು ಮಾಡುತ್ತಿದ್ದರು. ನಾವು ಸ್ವಲ್ಪ ಹೊತ್ತು ನಡೆದು, ಯಾರ ಮನೆ ಬಾಗಿಲನ್ನೂ ತಟ್ಟದೆ ವಾಪಸ್ ಬಂದೆವು.

ಅಕ್ಕನಿಗೆ ಇಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಶಾಲೆಯ ವಿಷಯ. ಕೊಚಿಟಿಯ ಮಾತು ಕೆರೆಸ್. ಪಕ್ಕದ ಕೆಲವು ಪ್ಯೂಬ್ಲೊಗಳಲ್ಲೂ ಇದನ್ನೇ ಆಡುತ್ತಾರೆ, ಆದರೆ ಪ್ರಪಂಚದ ಬೇರೆ ಯಾವ ಭಾಷೆಗೂ ಇದರ ನಂಟು ಸಿಕ್ಕಿಲ್ಲ. 1990ರ ದಶಕದಲ್ಲಿ ಊರಿನವರು ನೋಡಿದರೆ, ಚೆನ್ನಾಗಿ ಮಾತಾಡುವವರೆಲ್ಲ ವಯಸ್ಸಾದವರು. ಮಕ್ಕಳ ಬಾಯಲ್ಲಿ ಇಂಗ್ಲಿಷು. ಆಗ ಬೇಸಿಗೆ ಶಿಬಿರ ಶುರು ಮಾಡಿದರು. 2012ರಿಂದ ಕೆರೆಸ್ ಚಿಲ್ಡ್ರನ್ಸ್ ಲರ್ನಿಂಗ್ ಸೆಂಟರ್ ಅಂತ ಒಂದು ಮಾಂಟೆಸ್ಸರಿ ಶಾಲೆ ನಡೆಯುತ್ತಿದೆ. ಪುಟ್ಟ ಮಕ್ಕಳ ತರಗತಿಯಲ್ಲಿ ಇಡೀ ದಿನ ಕೆರೆಸ್ ಮಾತ್ರ. ಮತ್ತೊಂದು ಸಂಗತಿ, ಇವರು ತಮ್ಮ ಭಾಷೆಯನ್ನು ಬರೆಯುವುದಿಲ್ಲ. ಬರೆಯಲು ಬರುವುದಿಲ್ಲ ಅಂತಲ್ಲ, ಬೇಡ ಅಂತ ಊರೇ ತೀರ್ಮಾನಿಸಿದೆ. ಪಾಠಪುಸ್ತಕ ಇಲ್ಲ, ಪದಗಳ ಪಟ್ಟಿ ಇಲ್ಲ. ಬಾಯಿಂದ ಕಿವಿಗೆ.

"ಪುಸ್ತಕ ಇಲ್ದೆ ಒಂದನೇ ಕ್ಲಾಸು!" ಅಂತ ಅಕ್ಕ ಕಾರಿನಲ್ಲಿ ಎರಡು ಮೂರು ಸಲ ಹೇಳಿಕೊಂಡಳು. ಆಮೇಲೆ ಅವಳೇ ಅಂದಳು: "ಆ ಗೊಂಬೆ ಮೈಮೇಲಿರೋ ಮಕ್ಕಳ ಕೈಯಲ್ಲಿ ಒಂದು ಪುಸ್ತಕಾನೂ ಇಲ್ಲ, ಗಮನಿಸಿದ್ಯಾ?"

ಬರೆಯಬಾರದು ಅನ್ನುವುದರ ಹಿಂದೆ ಅನುಭವ ಇದೆ. ಹೊರಗಿನವರು ಬಂದು ಕಥೆ ಬರೆದುಕೊಂಡು ಹೋದ ಊರು ಇದು. 1880ರಲ್ಲಿ ಪುರಾತತ್ವಜ್ಞ ಅಡಾಲ್ಫ್ ಬ್ಯಾಂಡಲಿಯರ್ ಬಂದರು. 1920ರ ದಶಕದಲ್ಲಿ ಮಾನವಶಾಸ್ತ್ರಜ್ಞೆ ರೂತ್ ಬೆನೆಡಿಕ್ಟ್ ಬಂದು ಕಥೆ ಬರೆದುಕೊಂಡರು, 1931ರಲ್ಲಿ ಅವು ಅಚ್ಚಾದವು. ಅವರಿಗೆ ಕಥೆ ಹೇಳಿದವರಲ್ಲಿ ಹೆಲೆನ್ ಅವರ ತಾತ ಸಾಂಟಿಯಾಗೊ ಕೂಡ ಒಬ್ಬರು. ಬರೆಯುವುದಾದರೆ ಸರಿಯಾಗಿ ಬರೆಯಲಿ ಅನ್ನುವುದು ಅವರ ಆಸೆಯಾಗಿತ್ತಂತೆ. ಅದೇ ತಾತನನ್ನು ಮೊಮ್ಮಗಳು ಮಣ್ಣಿನಲ್ಲಿ ಮಾಡಿದಾಗ, ಕಥೆ ಏನು ಅಂತ ಹೇಳಲಿಲ್ಲ. ಕಥೆ ಹೇಳುವ ಹೊತ್ತನ್ನು ಮಾತ್ರ ತೋರಿಸಿದರು. ಕೊಂಡವರಿಗೆ ಗೊಂಬೆ ಸಿಗುತ್ತದೆ, ಕಥೆ ಊರಲ್ಲೇ ಉಳಿಯುತ್ತದೆ. ಇದು ನನಗೆ ತುಂಬಾ ಸರಿ ಅನ್ನಿಸುತ್ತದೆ. ಗುರುವಾರ ಆ ಹಿರಿಯರನ್ನು ಕಥೆ ಕೇಳದೆ ಬಂದದ್ದು ಒಳ್ಳೆಯದಾಯಿತು ಅಂತ ಅಕ್ಕನೂ ಒಪ್ಪಿದಳು.

ಮಧ್ಯಾಹ್ನ ಕಾಶಾ ಕಾಟುವೆ ಟೆಂಟ್ ರಾಕ್ಸ್. ಕೊಚಿಟಿಯವರ ಪಕ್ಕದ್ದೇ ಜಾಗ. 2020ರಲ್ಲಿ ಮುಚ್ಚಿದ್ದನ್ನು 2024ರ ನವೆಂಬರ್‌ನಲ್ಲಿ ಮತ್ತೆ ತೆರೆದರು. ಈಗ ಮೊದಲೇ ಬುಕ್ ಮಾಡಬೇಕು, ಕೊಚಿಟಿಯವರ ಪಾಸನ್ನೂ ಕೊಳ್ಳಬೇಕು. ಅರವತ್ತು ಎಪ್ಪತ್ತು ಲಕ್ಷ ವರ್ಷದ ಹಿಂದೆ ಜ್ವಾಲಾಮುಖಿ ಉಗುಳಿದ ಬೂದಿ ಗಟ್ಟಿಯಾಗಿ, ಗಾಳಿ ಮಳೆಗೆ ಸವೆದು, ಡೇರೆಯಂಥ ಚೂಪು ಬಂಡೆಗಳಾಗಿ ನಿಂತಿವೆ. ಕೆಲವು ತೊಂಬತ್ತು ಅಡಿ ಎತ್ತರ. ಇಕ್ಕಟ್ಟು ಕಣಿವೆಯಲ್ಲಿ ಅಕ್ಕ ಗೋಡೆ ಹಿಡಿದುಕೊಂಡೇ ನಡೆದಳು. ಕೈಗೆ ಬಿಳಿ ಪುಡಿ ಮೆತ್ತಿಕೊಂಡಿತು.

ಈ ಸೀಮೆಯ ಜ್ವಾಲಾಮುಖಿ ಬೂದಿಕಲ್ಲು ಕೊಚಿಟಿ ಕುಂಬಾರಿಕೆಗೂ ಬೇಕು. ಬರೀ ಜೇಡಿಮಣ್ಣು ಒಣಗುವಾಗ ಬಿರುಕು ಬಿಡುತ್ತದೆ. ಅದಕ್ಕೆ ಈ ಕಲ್ಲಿನ ಪುಡಿ ಬೆರೆಸುತ್ತಾರೆ. ದೂರದ ಆಕೊಮಾ ಪ್ಯೂಬ್ಲೊದಲ್ಲಿ ಹಳೆಯ ಮಡಕೆಯ ಚೂರುಗಳನ್ನು ಅರೆದು ಬೆರೆಸುತ್ತಾರೆ. ತಿಗರಿ ಎಲ್ಲೂ ಇಲ್ಲ, ಎಲ್ಲ ಕೈಯಲ್ಲೇ. ಅಜ್ಜನ ಮೈ ಟೊಳ್ಳಾಗಿರಬೇಕು, ಇಲ್ಲದಿದ್ದರೆ ಸುಡುವಾಗ ಒಡೆಯುತ್ತದೆ. ಮಕ್ಕಳನ್ನು ಬೇರೆಬೇರೆಯಾಗಿ ಮಾಡಿ, ಹಸಿಮಣ್ಣಿನಿಂದ ಒಂದೊಂದನ್ನೇ ಅಂಟಿಸಬೇಕು. ಒಣಗಿದ ಮೇಲೆ ಉಜ್ಜಿ ನುಣುಪು ಮಾಡಿ ಬಿಳಿ ಮಣ್ಣಿನ ನೀರು ಬಳಿಯುತ್ತಾರೆ. ಕೆಂಪು ಬಣ್ಣವೂ ಮಣ್ಣೇ. ಕಪ್ಪು ಮಾತ್ರ ಗಿಡದಿಂದ. ಬೀ ಪ್ಲಾಂಟ್ ಅನ್ನುವ ಕಾಡು ಗಿಡವನ್ನು ಗಂಟೆಗಟ್ಟಲೆ ಕುದಿಸಿ, ಬೆಲ್ಲದ ಪಾಕದ ಹಾಗೆ ಗಟ್ಟಿ ಮಾಡಿ, ಒಣಗಿಸಿ ಇಟ್ಟುಕೊಳ್ಳುತ್ತಾರೆ. ಅದರ ಹೆಸರು ಗ್ವಾಕೊ. ಬೇಕಾದಾಗ ನೀರು ತಾಗಿಸಿ, ಯಕ್ಕಾ ಎಲೆಯ ತುದಿಯನ್ನು ಅಗಿದು ಮಾಡಿದ ಕುಂಚದಿಂದ ಕಣ್ಣು, ಹುಬ್ಬು, ಅಂಗಿಯ ಗೆರೆ ಬರೆಯುತ್ತಾರೆ. ಕೊನೆಗೆ ಬಯಲಲ್ಲೇ ಸೀಡರ್ ಸೌದೆ, ಒಣ ಸಗಣಿ ಇಟ್ಟು ಸುಡುತ್ತಾರೆ. ಗಾಳಿ ಬೀಸಿದರೆ, ತೇವ ಉಳಿದಿದ್ದರೆ ವಾರಗಳ ಕೆಲಸ ಚೂರು. ಮಣ್ಣು ತೆಗೆಯುವಾಗ ಮೊದಲು ಮಣ್ಣಿನ ತಾಯಿಗೆ ಪ್ರಾರ್ಥನೆ ಸಲ್ಲಬೇಕು, ಬೇಕಾದಷ್ಟೇ ತೆಗೆಯಬೇಕು.

ಭಾನುವಾರ, ಬ್ಯಾಂಡಲಿಯರ್

ಉತ್ತರಕ್ಕೆ ಫ್ರಿಹೋಲಿಸ್ ಕಣಿವೆ. ಈಗ ಅದು ಬ್ಯಾಂಡಲಿಯರ್ ರಾಷ್ಟ್ರೀಯ ಸ್ಮಾರಕ. ರಾತ್ರಿ ಸ್ವಲ್ಪ ಹಿಮ ಬಿದ್ದಿತ್ತು. ಮೆತ್ತನೆಯ ಬೂದಿಕಲ್ಲಿನ ಗೋಡೆಯಲ್ಲಿ ಕೊರೆದ ಕೋಣೆಗಳು, ಏಣಿ ಹತ್ತಿ ಹೋಗಬೇಕು. ಕೆಳಗೆ ತ್ಯುಯೊನಿ ಅನ್ನುವ ದುಂಡನೆಯ ಹಳೆಯ ಊರಿನ ಅಡಿಪಾಯ, ಸುಮಾರು ನಾನೂರು ಕೋಣೆಗಳದ್ದು.

ಬ್ಯಾಂಡಲಿಯರ್ ಇದನ್ನು ಕಂಡುಹಿಡಿದರು ಅಂತ ಕೆಲವರು ಹೇಳುತ್ತಾರೆ. ಹಾಗಲ್ಲ. 1880ರ ಅಕ್ಟೋಬರ್‌ನಲ್ಲಿ ಕೊಚಿಟಿಯ ಹ್ವಾನ್ ಹೋಸೆ ಮೊಂಟೊಯಾ ಅನ್ನುವವರೇ ಬ್ಯಾಂಡಲಿಯರ್ ಅವರನ್ನು ಕರೆದುಕೊಂಡು ಬಂದು, ಇದು ನಮ್ಮ ಹಿರಿಯರ ಊರು ಅಂತ ತೋರಿಸಿದರು. ಈ ಕಣಿವೆಯಿಂದ ಹೊರಟು ಊರಿಂದ ಊರಿಗೆ ಇಳಿಯುತ್ತಾ ಈಗಿನ ಕೊಚಿಟಿಗೆ ಬಂದೆವು ಅನ್ನುವುದು ಅವರ ಬಾಯಿಮಾತಿನ ಚರಿತ್ರೆ. ಅಜ್ಜ ಮೊಮ್ಮಕ್ಕಳಿಗೆ ಹೇಳುತ್ತಿದ್ದದ್ದು ಬರೀ ಕಾಯೋಟಿಯ ಕಥೆ ಅಲ್ಲ. ದಾರಿ, ನೀರಿನ ಜಾಗ, ಯಾವ ಊರು ಯಾವಾಗ ಬಿಟ್ಟೆವು, ಎಲ್ಲ ಅದರಲ್ಲೇ ಇತ್ತು. 1680ರಲ್ಲಿ ಪೋಪೇ ಅನ್ನುವ ನಾಯಕನ ಕೆಳಗೆ ಪ್ಯೂಬ್ಲೊಗಳು ಒಟ್ಟಾಗಿ ದಂಗೆಯೆದ್ದು, ತಮ್ಮನ್ನು ಆಳುತ್ತಿದ್ದ ಸ್ಪ್ಯಾನಿಷರನ್ನು ಓಡಿಸಿದಾಗಲೂ ಸುದ್ದಿ ಹೋದದ್ದು ಕಾಗದದಲ್ಲಿ ಅಲ್ಲ. ಓಡುವವರ ಕೈಯಲ್ಲಿ ಗಂಟು ಹಾಕಿದ ಹಗ್ಗ, ದಿನಕ್ಕೊಂದು ಗಂಟು ಬಿಚ್ಚಬೇಕು. ಹನ್ನೆರಡು ವರ್ಷ ಸ್ಪ್ಯಾನಿಷರನ್ನು ಹೊರಗೇ ಇಟ್ಟರು.

ಸಂಜೆ ಊಟದ ಹೊತ್ತಿಗೆ ಅಕ್ಕನಿಗೆ ಫೋನಿನಲ್ಲಿ ವರ್ಜಿಲ್ ಒರ್ಟಿಜ್ ಅವರ ಕೆಲಸ ತೋರಿಸಿದೆ. ಕೊಚಿಟಿಯವರೇ, 1969ರಲ್ಲಿ ಹುಟ್ಟಿದವರು. ತಾಯಿ ಸೆಫೆರೀನಾ ಕೂಡ ಗೊಂಬೆ ಮಾಡುವುದರಲ್ಲಿ ಹೆಸರಾದವರು. 1880ರಲ್ಲಿ ರೈಲು ಬಂದ ಮೇಲೆ ಕೊಚಿಟಿ ಕುಂಬಾರರು ಪಾದ್ರಿ, ವ್ಯಾಪಾರಿ, ಸರ್ಕಸ್ಸಿನವರು, ಹೀಗೆ ಊರಿಗೆ ಬಂದ ಹೊರಗಿನವರನ್ನೇ ಗೊಂಬೆ ಮಾಡಿ ಮಾರುತ್ತಿದ್ದರು. ಮೊನೊ ಅನ್ನುವ ಆ ಗೊಂಬೆಗಳನ್ನು ವರ್ಜಿಲ್ ಮತ್ತೆ ಕೈಗೆತ್ತಿಕೊಂಡರು. 1680ರ ದಂಗೆಯನ್ನು 2180ಕ್ಕೆ ಒಯ್ದು, ಮುಂದಿನ ಕಾಲದ ಪ್ಯೂಬ್ಲೊ ವೀರರನ್ನು ಅದೇ ಮಣ್ಣಿನಲ್ಲಿ ಮಾಡುತ್ತಿದ್ದಾರೆ. ಮುಖವಾಡ ತೊಟ್ಟ, ಚೂಪು ಚೂಪಾದ ಆ ಗೊಂಬೆಗಳು ಅಕ್ಕನಿಗೆ ಮೊದಲು ಭಯ ಹುಟ್ಟಿಸಿದವು. ದಂಗೆಯ ಕಥೆ ಹೇಳಿದ ಮೇಲೆ ಫೋನು ಇಸ್ಕೊಂಡು ದೊಡ್ಡದು ಮಾಡಿ ನೋಡಿದಳು.

ಸೋಮವಾರ, ಸಾಂಟಾ ಫೆ

ಹೊರಡುವ ಮೊದಲು ಪ್ಯಾಲೆಸ್ ಆಫ್ ದಿ ಗವರ್ನರ್ಸ್ ಮುಂದಿನ ಜಗುಲಿಗೆ ಹೋದೆವು. 1610ರ ಸುಮಾರಿನ ಕಟ್ಟಡ. ದಂಗೆಯ ನಂತರ ಪ್ಯೂಬ್ಲೊ ಜನ ವಾಸ ಮಾಡಿದ್ದೂ ಇಲ್ಲೇ. ಈಗ ಜಗುಲಿಯ ಕೆಳಗೆ ಬಟ್ಟೆ ಹಾಸಿ ಮೂಲ ಜನರ ಕಲಾವಿದರು ಕೂರುತ್ತಾರೆ. ತಾವೋ ತಮ್ಮ ಮನೆಯವರೋ ಮಾಡಿದ್ದನ್ನು ಮಾತ್ರ ಮಾರಬೇಕು, ಮಾಡಿದವರ ಗುರುತು ಇರಬೇಕು. ಕೂರುವ ಜಾಗಕ್ಕೆ ಬೆಳಗ್ಗೆ ಚೀಟಿ ಎತ್ತುತ್ತಾರೆ. ಕೊಳ್ಳುವವರು ಇಲ್ಲೇ ಕೊಳ್ಳಿ ಅಂತ ಹೇಳುತ್ತೇನೆ. ಅಂಗಡಿಗಳಲ್ಲಿ ಅಚ್ಚಿನಲ್ಲಿ ಎರಕ ಹೊಯ್ದ ಗೊಂಬೆಗೆ ಮೇಲೆ ಬಣ್ಣ ಹಚ್ಚಿ ಮಾರುವುದೂ ಇದೆ. ಮಣ್ಣು ಎಲ್ಲಿಯದು, ಕೈಯಲ್ಲಿ ಕಟ್ಟಿದ್ದಾ, ಹೊರಗೆ ಬೆಂಕಿಯಲ್ಲಿ ಸುಟ್ಟಿದ್ದಾ, ಇಷ್ಟು ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬೆಲೆ ಜಾಸ್ತಿಯೇ. ಒಂದೊಂದು ಮಗುವನ್ನು ಒಂದೊಂದು ಸಲ ಅಂಟಿಸುವ ಕೆಲಸ ಗೊತ್ತಾದ ಮೇಲೆ ಚೌಕಾಸಿ ಮಾಡಲು ನಮಗೆ ಬಾಯಿ ಬರಲಿಲ್ಲ.

ಹೇಮೆಸ್ ಪ್ಯೂಬ್ಲೊದ ಒಬ್ಬರ ಹತ್ತಿರ ಅಕ್ಕ ಕೊನೆಗೂ ಒಂದನ್ನು ಆರಿಸಿದಳು. ಅಜ್ಜಿಯೇ. ಮೂರು ಮಕ್ಕಳು, ಒಂದರ ಕೈಯಲ್ಲಿ ನಾಯಿಮರಿ. ಇದು ಯಾರ ಅಜ್ಜಿ ಅಂತ ನನ್ನ ಕೈಲಿ ಕೇಳಿಸಿದಳು. ನನ್ನ ಅಮ್ಮನ ಅಮ್ಮ ಅಂದರು ಆಕೆ, ನಾಯಿಮರಿ ಮಾತ್ರ ಮಗನದು. ಅಡಿಯಲ್ಲಿ ಹೆಸರು, ಊರು ಕೆತ್ತಿತ್ತು. ಅಕ್ಕ ಅದನ್ನು ಕನ್ನಡದಲ್ಲಿ ತನ್ನ ಡೈರಿಗೆ ಇಳಿಸಿಕೊಂಡಳು.

ಫೀನಿಕ್ಸ್ ದಾರಿಯಲ್ಲಿ ಅವಳ ತಲೆಯಲ್ಲಿ ಒಂದೇ ಯೋಚನೆ. ಊರಿಗೆ ಹೋದ ಮೇಲೆ ಹಳೆಯ ಶಾಲೆಗೆ ಹೋಗಿ ಮಕ್ಕಳ ಕೈಲಿ ಮಣ್ಣಿನ ಕೆಲಸ ಮಾಡಿಸಬೇಕಂತೆ. ಅಮೆರಿಕದ ಎಷ್ಟೋ ಶಾಲೆಗಳಲ್ಲಿ ಈ ಸ್ಟೋರಿಟೆಲರ್ ನೋಡಿ ಮಕ್ಕಳ ಹತ್ತಿರ ಅದನ್ನೇ ಮಾಡಿಸುತ್ತಾರೆ ಅಂದೆ. "ಅದನ್ನಲ್ಲ ಕಣೇ. ಅದು ಅವರದು. ಒಂದೊಂದು ಮಗೂನೂ ಮನೆಗೆ ಹೋಗಿ ಅಜ್ಜಿ ಹತ್ರಾನೋ ತಾತನ ಹತ್ರಾನೋ ಮೊದ್ಲು ಒಂದು ಕಥೆ ಕೇಳ್ಕೊಂಡು ಬರ್ಲಿ, ಆಮೇಲೆ ಅವರನ್ನೇ ಮಾಡ್ಲಿ" ಅಂದಳು. ಅಜ್ಜಿ ತಾತ ಇಲ್ಲದ ಮಕ್ಕಳು ಏನು ಮಾಡಬೇಕು ಅಂತ ಕೇಳಿದೆ. ಪಕ್ಕದ ಮನೆಯವರು ಇರ್ತಾರಲ್ಲ ಅಂದಳು. ಮಣ್ಣು ಎಲ್ಲಿಂದ ತರಿಸುವುದು, ಊರಿನ ಕುಂಬಾರರ ಮನೆಯವರು ಆವಿಗೆಯಲ್ಲಿ ಸುಟ್ಟುಕೊಡುತ್ತಾರೋ ಇಲ್ಲವೋ ಅಂತ ಅಲ್ಲಿಂದಲೇ ಹಳೆಯ ಹೆಡ್‌ಮಾಸ್ಟರಿಗೆ ವಾಯ್ಸ್ ಮೆಸೇಜ್ ಕಳಿಸಿದಳು.